ನಡುವಿನ ಹಾಳೆಗಳು

ಪ್ರೀತಿಯ ತಮ್ಮಾ,

ನಿನ್ನ ಕತೆ ಓದಿದೆ. ಮಗ ಸತ್ತ ಸುದ್ದಿ ಕೇಳಿ ತಾಯಿ ಎದೆ ಬಡಿದುಕೊಳ್ಳುತ್ತಾಳೆ, ತಲೆ ಚಚ್ಚಿಕೊಳ್ಳುತ್ತಾಳೆ, ಅಂಗಳದಲ್ಲಿ ಬಿದ್ದು ಹೊರಳಾಡುತ್ತಾಳೆ. ಇಷ್ಟಾದರೂ ನನ್ನ ಕಣ್ಣು ಒದ್ದೆಯಾಗಲಿಲ್ಲ. ಬೇಸರಿಸಬೇಡ, ನಿನಗೆ ಕಾರ್ಟೂನು ಸಿನಿಮಾಗಳ ಒಬ್ಬ ಚಿತ್ರಗಾರನ ಸಂಗತಿ ಹೇಳಬೇಕೆನಿಸಿದೆ.

ಹೆಸರು ಫ್ರಾಂಕ್ ಥಾಮಸ್. 1934ರಲ್ಲಿ ಡಿಸ್ನಿ ಸ್ಟುಡಿಯೋ ಸೇರಿದವರು ನಿವೃತ್ತರಾದದ್ದು 1978ರಲ್ಲಿ. ಮೊದಲು ಸಿಕ್ಕಿದ್ದು ಇನ್‌ಬಿಟ್ವೀನರ್ ಕೆಲಸ. ಹಿರಿಯ ಕಲಾವಿದ ಮುಖ್ಯ ಭಂಗಿಗಳನ್ನು ಬರೆದುಕೊಡುತ್ತಾನೆ. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯ ಚಿತ್ರಗಳನ್ನೆಲ್ಲ ಹೊಸಬ ತುಂಬಬೇಕು. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಓಡುತ್ತವೆ. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಹಿಡಿದರೂ ಸೆಕೆಂಡಿಗೆ 12 ಚಿತ್ರ ಬೇಕೇ ಬೇಕು. ಗಾಜಿನ ಕೆಳಗೆ ದೀಪವಿರುವ ಮೇಜು, ಹಾಳೆ ಜರುಗದಂತೆ ತೂತುಗಳಿಗೆ ಸಿಕ್ಕಿಸುವ ಪುಟ್ಟ ಗೂಟಗಳು. ನಾಲ್ಕೈದು ಹಾಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಮಗುಚಿ ಮಗುಚಿ ನೋಡಬೇಕು: ಕೈ ಎತ್ತಿದ್ದು ಸರಿಯಾಯಿತೇ, ಕತ್ತು ತಿರುಗಿದ್ದು ಹೆಚ್ಚಾಯಿತೇ? ನಾವು ಕಾಟುಹಾಕಿ ತಿದ್ದಿದ್ದೇವೆಂದು ಬೀಗುವುದು ಇದರ ಮುಂದೆ ಏನೂ ಅಲ್ಲ.

1937ರ 'ಸ್ನೋ ವೈಟ್' ಚಿತ್ರದಲ್ಲಿ, ಸತ್ತಂತೆ ಮಲಗಿದ ರಾಜಕುಮಾರಿಯ ಸುತ್ತ ಕುಳ್ಳರು ಸೇರಿ ಅಳುವ ದೃಶ್ಯ ಈ ಥಾಮಸ್ ಪಾಲಿಗೆ ಬಂತು. ಆಗಿನ್ನೂ ಇಪ್ಪತ್ತೈದರ ಹುಡುಗ. ಕಾರ್ಟೂನು ನಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಳಿಸುತ್ತದೆಯೇ ಎಂಬುದೇ ಅನುಮಾನವಾಗಿತ್ತು. ಅಷ್ಟೂ ದಿನ ಓಡಿ, ಎಡವಿ, ಜಗಳವಾಡಿದ ಕುಳ್ಳರು ಅಲ್ಲಿ ಅಲುಗುವುದೇ ಇಲ್ಲವೆನ್ನುವಷ್ಟು ಕಡಿಮೆ ಅಲುಗುತ್ತಾರೆ. ತಗ್ಗಿದ ತಲೆ, ಕೆನ್ನೆಯ ಮೇಲೆ ನಿಧಾನವಾಗಿ ಇಳಿಯುವ ಹನಿ. ಪೂರ್ತಿ ನಿಲ್ಲಿಸಿದ್ದರೆ ಅವರು ಬರೀ ಕಾಗದವಾಗುತ್ತಿದ್ದರು, ತುಸು ಹೆಚ್ಚು ಆಡಿಸಿದ್ದರೆ ಕೋಡಂಗಿಗಳಾಗುತ್ತಿದ್ದರು. ಕುಣಿಸಲು ಬಾರದ ಕೈಯಲ್ಲ ಅದು; 1942ರ 'ಬ್ಯಾಂಬಿ'ಯಲ್ಲಿ ಜಿಂಕೆಮರಿಯನ್ನು ಮಂಜುಗಡ್ಡೆಯ ಮೇಲೆ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಜಾರಿಸಿದವರೂ ಅವರೇ. (ಸಹೋದ್ಯೋಗಿಗಳ ಜಾಝ್ ತಂಡದಲ್ಲಿ ಪಿಯಾನೋ ನುಡಿಸುತ್ತಿದ್ದರು. ತಾಳ ಅಲ್ಲಿಂದ ಬಂತೋ ಏನೋ!)

ನಿನ್ನ ಕತೆಯ ಮೂರನೆಯ ಪುಟದಲ್ಲಿ ತಾಯಿ ಮಗನ ಲೋಟ ತೊಳೆದು ಕವುಚಿಡುತ್ತಾಳೆ. ಅದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀಯೆ. ಅಲ್ಲಿಂದ ಬಾಗಿಲು ಬಡಿಯುವವರೆಗೆ ಅವಳು ಏನೇನು ಮಾಡಿದಳು? ಆ ಹಾಳೆಗಳನ್ನು ಬರೆದು ಕಳುಹಿಸು. ಎದೆ ಬಡಿದುಕೊಳ್ಳುವುದು ಬೇಕೋ ಬೇಡವೋ ಆಮೇಲೆ ನೋಡೋಣ.

ಇಂತಿ,
ನಿನ್ನ ಹಿರಿಯ