ಕುದ್ರುವಿನಲ್ಲಿ ಒಂದು ರಾತ್ರಿ ಉಳಿಯಲು ಯಾರನ್ನು ಕೇಳಬೇಕು?

ಮಾನ್ಯ ಸಂಪಾದಕರೇ,

ಮಳೆ ಬಿಟ್ಟು ಹೊಳೆ ತಿಳಿಯಾದ ಮೇಲೆ ನಾವು ನಾಲ್ಕು ಜನ ಗೆಳೆಯರು ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ಹಿಡಿದು ಎರಡು ದಿನ ಉಡುಪಿಯ ಸ್ವರ್ಣಾ ನದಿಯಲ್ಲಿ ಸುತ್ತಬೇಕು, ನಡುವೆ ಒಂದು ರಾತ್ರಿ ಯಾವುದಾದರೂ ಕುದ್ರುವಿನಲ್ಲಿ, ಅಂದರೆ ಹೊಳೆಯ ನಡುವಿನ ದ್ವೀಪದಲ್ಲಿ, ಟೆಂಟ್ ಹಾಕಬೇಕು ಅಂತ ಯೋಚಿಸಿದ್ದೇವೆ. ಕಯಾಕ್ ಬಾಡಿಗೆಗೆ ಸಿಗುತ್ತದೆ. ಟೆಂಟ್ ಇದೆ, ಈಜು ಎಲ್ಲರಿಗೂ ಬರುತ್ತದೆ. ರಾತ್ರಿ ಉಳಿಯಲು ಯಾರ ಒಪ್ಪಿಗೆ ಬೇಕು ಅನ್ನುವುದು ಮಾತ್ರ ಗೊತ್ತಾಗುತ್ತಿಲ್ಲ. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿ ತೋರಿಸುತ್ತಾರೆ, ಅಲ್ಲಿಗೆ ಹೋದರೆ 'ಸುಮ್ನೆ ಹೋಗಿ ಬನ್ನಿ ಮಾರಾಯ್ರೆ, ಯಾರು ಕೇಳ್ತಾರೆ' ಅನ್ನುತ್ತಾರೆ. ಈ ಉತ್ತರ ನನಗೆ ಸರಿ ಕಾಣಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೆಮ್ಮಣ್ಣಿನ ತೂಗುಸೇತುವೆ ನೋಡಲು ತಿಮ್ಮಣ್ಣ ಕುದ್ರುವಿಗೆ ಹೋದವರಿಗೆಲ್ಲ ಗೊತ್ತು, ಅಲ್ಲಿ ಮನೆಗಳಿವೆ, ತೆಂಗಿನ ತೋಟಗಳಿವೆ, ಜನ ದಿನಾ ಬದುಕುವ ಊರು ಅದು. ಮಂಗಳೂರು ಕಡೆ ನೇತ್ರಾವತಿಯ ನಡುವೆ ಇರುವ ಪಾವೂರು ಉಳಿಯ ಎಂಬ ದ್ವೀಪದ ಕಥೆ ನಿಮ್ಮ ಓದುಗರಿಗೆ ಹೊಸದಲ್ಲ. ಮರಳು ತೆಗೆದು ತೆಗೆದು ದ್ವೀಪದ ದಂಡೆಯೇ ಕುಸಿಯುತ್ತಿದೆ ಎಂದು ಅಲ್ಲಿನವರು ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಹೀಗಿರುವಾಗ ಕತ್ತಲಾದ ಮೇಲೆ ಗುರುತಿಲ್ಲದ ನಾಲ್ಕು ಜನ ದೋಣಿ ತಂದು ದಂಡೆಗೆ ನಿಲ್ಲಿಸಿದರೆ ಆ ಮನೆಯವರಿಗೆ ಹೇಗನ್ನಿಸಬಹುದು? ಕೇಳದೆ ಉಳಿಯುವುದು ತಪ್ಪು. ಆದರೆ ಕೇಳುವುದಕ್ಕೆ ಒಂದು ಜಾಗ ಬೇಕಲ್ವಾ.

ಸಾಲಿಗ್ರಾಮದ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕಿಂಗ್ ಶುರುವಾದ ಮೇಲೆ ನಮ್ಮ ಜಿಲ್ಲೆಯಲ್ಲಿ ಹುಟ್ಟು ಹಿಡಿಯುವವರು ಜಾಸ್ತಿಯಾಗಿದ್ದಾರೆ, ತುಂಬಾ ಸಂತೋಷ. ಅಲ್ಲಿ ಜೊತೆಗೆ ಗೈಡ್ ಇರುತ್ತಾರೆ, ಹೋದ ಸ್ವಲ್ಪ ಹೊತ್ತಿಗೆ ವಾಪಸ್. ಸಾಮಾನು ಕಟ್ಟಿಕೊಂಡು ರಾತ್ರಿ ಉಳಿಯಲು ಹೊರಡುವವರ ಲೆಕ್ಕವೇ ಬೇರೆ. ತುಂಬಿದ ಕಯಾಕ್ ಗಂಟೆಗೆ ಮೂರು, ನಾಲ್ಕು ಕಿಲೋಮೀಟರ್ ಹೋದರೆ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಎದ್ದರೆ ಸಮುದ್ರದ ಕಡೆಗೆ ಹುಟ್ಟು ಹಾಕುವವರಿಗೆ ಅಷ್ಟೂ ಆಗುವುದಿಲ್ಲ. ಹಾಗಾಗಿ ಕಲ್ಯಾಣಪುರದಿಂದ ಕೆಳಗೆ ಕೆಮ್ಮಣ್ಣು, ಕೋಡಿಬೆಂಗ್ರೆ ಕಡೆ ಹೋಗುವವರು ಬೆಳಗ್ಗೆಯೇ ನೀರಿಗಿಳಿಯಬೇಕು, ಅದೂ ಇಳಿತದ ಹೊತ್ತು ನೋಡಿಕೊಂಡು. ಬರುವಾಗ ಮಧ್ಯಾಹ್ನದ ಗಾಳಿ ಬೆನ್ನಿಗೆ ಸಿಗುತ್ತದೆ, ಉಬ್ಬರವೂ ಸಿಕ್ಕಿದರೆ ಅರ್ಧ ಕೆಲಸ ಹೊಳೆಯೇ ಮಾಡಿಕೊಡುತ್ತದೆ. ಇದನ್ನು ತಪ್ಪಿಸಿಕೊಂಡರೆ ತೋಳು ಸೋತು ಹೋಗುತ್ತದೆ, ಡಿಸೆಂಬರ್‌ನಲ್ಲಿ ಆರು ಗಂಟೆ ದಾಟಿದರೆ ಸೂರ್ಯನೂ ಇರುವುದಿಲ್ಲ.

ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ. ಸಂಜೆ ಒಣಗಿದ್ದ ಮರಳಿನ ಮೇಲೆ ಟೆಂಟ್ ಹಾಕಿ ಮಲಗಿದವರ ಕಾಲ ಬುಡಕ್ಕೆ ನಡುರಾತ್ರಿ ನೀರು ಬರಬಹುದು, ಕಟ್ಟದೆ ಬಿಟ್ಟ ಕಯಾಕ್ ತೇಲಿ ಹೋಗಬಹುದು. ಹಳೆಯ ಕಸಕಡ್ಡಿ ಬಂದು ನಿಂತ ಗೆರೆ ದಂಡೆಯಲ್ಲಿ ಕಾಣುತ್ತದೆ, ಅದಕ್ಕಿಂತ ಸಾಕಷ್ಟು ಮೇಲೆ ಮಲಗಬೇಕು. ಹೊಳೆಬದಿಯಲ್ಲಿ ಹುಟ್ಟಿದವರಿಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಆದರೆ ಈಗ ಕಯಾಕ್ ಹಿಡಿದು ಬರುವವರಲ್ಲಿ ಹೊಳೆ ಕಂಡು ಗೊತ್ತಿಲ್ಲದವರೇ ಜಾಸ್ತಿ.

ಇನ್ನು ಸಿಹಿನೀರಿನಲ್ಲೇ ಇರಬೇಕು ಅಂದರೆ ಕಿಂಡಿ ಅಣೆಕಟ್ಟಿನಿಂದ ಮೇಲೆ ಹೋಗಬೇಕು. ಮಳೆ ಮುಗಿದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಕೆಳಗಿನ ಉಪ್ಪುನೀರು ಮೇಲೆ ಬರುವುದಿಲ್ಲ. ಅಲ್ಲಿ ನೀರು ಶಾಂತ, ಹೊಸಬರಿಗೂ ಸುಲಭ. ಆದರೆ ಕಿಂಡಿಯ ಹತ್ತಿರ ಕಯಾಕ್ ಒಯ್ಯಲೇಬಾರದು. ಒಂದು ಹಲಗೆ ತೆಗೆದಿದ್ದರೂ ಸಾಕು, ನೀರು ಅಲ್ಲಿಗೇ ಎಳೆಯುತ್ತದೆ, ಮೇಲಿನಿಂದ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ದೂರದಲ್ಲೇ ದಡ ಹತ್ತಿ ಹೊತ್ತು ದಾಟಿಸಬೇಕು. ಯಾವತ್ತು ಹಲಗೆ ಹಾಕುತ್ತಾರೆ, ಯಾವತ್ತು ತೆಗೆಯುತ್ತಾರೆ ಎಂಬುದನ್ನು ಒಂದು ಬೋರ್ಡ್‌ನಲ್ಲಿ ಬರೆದು ಹತ್ತಿರದ ಕಡವಿನಲ್ಲಿ (ದೋಣಿ ನಿಲ್ಲುವ ಜಾಗದಲ್ಲಿ) ನಿಲ್ಲಿಸಲು ಎಷ್ಟು ಖರ್ಚಾದೀತು? ಬಟ್ಟೆ ಒಗೆಯಲು ಇಳಿಯುವವರಿಗೆ, ಮೀನು ಹಿಡಿಯುವವರಿಗೆ, ಈಜಲು ಬರುವ ಮಕ್ಕಳಿಗೆ, ಎಲ್ಲರಿಗೂ ಅದು ಬೇಕು.

ಹೋಗುವವರಿಗೂ ಒಂದು ಮಾತು. ಬಜೆಯ ಅಣೆಕಟ್ಟಿನಲ್ಲಿ ನಿಲ್ಲಿಸಿದ ಸ್ವರ್ಣೆಯ ನೀರನ್ನು ಉಡುಪಿ ನಗರ ಕುಡಿಯುತ್ತದೆ, ತುಂಬೆಯಲ್ಲಿ ನಿಲ್ಲಿಸಿದ ನೇತ್ರಾವತಿಯ ನೀರು ಮಂಗಳೂರಿಗೆ. ಬಯಲಲ್ಲಿ ಶೌಚಕ್ಕೆ ಕೂರುವುದಾದರೆ ನೀರಿನಿಂದ ಎಪ್ಪತ್ತು ಹೆಜ್ಜೆ ದೂರ ಹೋಗಿ ಗುಂಡಿ ತೆಗೆದು ಮುಚ್ಚಬೇಕು ಅಂತ ಕ್ಯಾಂಪಿಂಗ್ ಮಾಡುವವರ ನಿಯಮ ಇದೆ. ಸಣ್ಣ ಕುದ್ರುವಿನಲ್ಲಿ ಎಪ್ಪತ್ತು ಹೆಜ್ಜೆ ಇಟ್ಟರೆ ಆಚೆ ದಡದ ನೀರೇ ಬರುತ್ತದೆ, ಇಲ್ಲವೇ ಯಾರದೋ ಮನೆಯ ಬಾವಿ. ಅಂಥ ಕಡೆ ಗುಂಡಿ ತೆಗೆಯುವುದೇ ಬೇಡ, ಒಂದೋ ಮನೆಯವರನ್ನು ಕೇಳಿ ಅವರ ಶೌಚಾಲಯ ಬಳಸಬೇಕು, ಇಲ್ಲವೇ ಮುಚ್ಚಳದ ಡಬ್ಬದಲ್ಲಿ ವಾಪಸ್ ತರಬೇಕು. ಹೇಳಲು ಮುಜುಗರ, ಆದರೆ ಹೇಳಲೇಬೇಕು. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ, ಒಬ್ಬರಿಗೆ ದಿನಕ್ಕೆ ಮೂರ್ನಾಲ್ಕು ಲೀಟರ್. ಕಾಲಿಗೆ ಗಾಯ ಇದ್ದರೆ ಹೊಳೆಗೆ ಇಳಿಯಬೇಡಿ, ನಮ್ಮ ಕಡೆ ಇಲಿಮೂತ್ರ ಸೇರಿದ ನೀರಿನಿಂದ ಹರಡುವ ಇಲಿಜ್ವರ ಇದೆ. ಲೈಫ್ ಜಾಕೆಟ್ ಮೈಮೇಲೆ ಇರಲಿ, ಕಯಾಕ್‌ಗೆ ಕಟ್ಟಿಟ್ಟರೆ ಅದು ಇದ್ದೂ ಇಲ್ಲದ ಹಾಗೆ. ಮೀನುಗಾರರ ಬಲೆ ಕಂಡರೆ ಸುತ್ತಿ ಹೋಗಿ. ಹೊರಡುವ ಮೊದಲು ದಡದಲ್ಲಿ ಯಾರಿಗಾದರೂ ಎಲ್ಲಿ ಉಳಿಯುತ್ತೇವೆ, ಯಾವಾಗ ಬರುತ್ತೇವೆ ಎಂದು ಹೇಳಿ ಹೋಗಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕುದ್ರು ಇರುವ ಗ್ರಾಮ ಪಂಚಾಯತ್‌ನಲ್ಲಿ ಒಂದು ಪುಸ್ತಕ ಇಡಲಿ. ಬರುವವರು ಹೆಸರು, ಫೋನ್ ನಂಬರ್, ವಾಪಸ್ ಬರುವ ದಿನ ಬರೆಯಲಿ, ಶುಲ್ಕ ಕಟ್ಟಲಿ. ಜಾಗ ಕೊಡಲು ಒಪ್ಪುವ ಮನೆಗಳ ಪಟ್ಟಿ ಅಲ್ಲೇ ಇರಲಿ, ಶುಲ್ಕದ ಹೆಚ್ಚಿನ ಪಾಲು ಆ ಮನೆಗಳಿಗೇ ಹೋಗಲಿ. ನಮ್ಮಲ್ಲಿ ಬೇಡ ಅನ್ನುವ ಕುದ್ರುವಿನವರ ಮಾತೇ ಕೊನೆಯ ಮಾತಾಗಲಿ, ಅದರ ಮೇಲೆ ಚರ್ಚೆಯೇ ಬೇಡ. ಪ್ರವಾಸೋದ್ಯಮ ಅಂದ ಕೂಡಲೇ ರೆಸಾರ್ಟ್, ಮೋಟಾರ್ ಬೋಟ್ ಅಂತ ಯೋಚಿಸುವವರು ಇದನ್ನೂ ಒಂದು ಸಲ ಮಾಡಿ ನೋಡಲಿ. ಕಾಂಕ್ರೀಟ್ ಬೇಕಾಗಿಲ್ಲ, ಟೆಂಡರ್ ಬೇಕಾಗಿಲ್ಲ.

ನಿಮ್ಮಲ್ಲೂ ಒಂದು ವಿನಂತಿ ಇದೆ. ಪತ್ರಿಕೆಯಲ್ಲಿ ದಿನಾ ಮಲ್ಪೆಯ ಉಬ್ಬರ ಇಳಿತದ ವೇಳೆ ಹಾಕಿ. ಎರಡು ಸಾಲು ಸಾಕು. ಹೊಳೆಯ ಒಳಗೆ ಅದು ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ಆಯಾ ಕಡವಿನ ದೋಣಿಯವರನ್ನು ಕೇಳಿದರೆ ಹೇಳುತ್ತಾರೆ.

ಇತಿ,
ಕಲ್ಯಾಣಪುರದ ಒಬ್ಬ ಓದುಗ