ಅವಳು ವಾಪಸ್ ಬರುವ ಹೊತ್ತಿಗೆ

ಮಾನ್ಯರೇ,

ಏಪ್ರಿಲ್ 10ಕ್ಕೆ ಈ ವರ್ಷದ ಶಾಲೆ ಮುಗಿಯಿತು. ಗದಗ ಜಿಲ್ಲೆಯ ಶಿರಹಟ್ಟಿ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ನಾನು ಅರೆಕಾಲಿಕ ಶಿಕ್ಷಕಿ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಿನಾ ಎರಡು ತಾಸು ಕೂರಿಸಿಕೊಂಡು ಕಲಿಸುತ್ತೇನೆ.

ನಾಲ್ಕನೇ ತರಗತಿಯ ಒಬ್ಬ ಹುಡುಗಿಗೆ ಒತ್ತಕ್ಷರ ಅಂದರೆ ಭಯ. 'ಅಕ್ಕ' ಎಂದು ಬರೆದರೆ 'ಅಕ' ಎಂದು ಓದುತ್ತಿದ್ದಳು. ತಿದ್ದಿದರೆ ಬಾಯಿಯೇ ಬಿಡುತ್ತಿರಲಿಲ್ಲ. ಕೊನೆಯ ವಾರ ನಾವಿಬ್ಬರೂ ರಸ್ತೆ ಪಕ್ಕ ನಿಂತಿದ್ದಾಗ ಬಸ್ ಬಂತು. ಅದರ ಬೋರ್ಡಿಗೆ ಬೆರಳು ತೋರಿಸುತ್ತಾ, ಬಿಡಿಸಿ ಬಿಡಿಸಿ 'ಲ-ಕ್ಷ್ಮೇ-ಶ್ವ-ರ' ಎಂದು ಓದಿದಳು! ಆ 'ಕ್ಷ್ಮೇ'ಯಲ್ಲಿ ಮೂರು ವ್ಯಂಜನ ಒಟ್ಟಿಗೆ ಕೂತಿವೆ. ದೊಡ್ಡವರೇ ತಡವರಿಸುವ ಅಕ್ಷರ ಅದು. ನನಗೆ ಕಣ್ಣು ತುಂಬಿ ಬಂತು.

ಈಗ ಅವಳ ಅಪ್ಪ-ಅವ್ವ ದುಡಿಯಲು ಗೋವಾಕ್ಕೆ ಹೋಗುತ್ತಾರೆ. ಅವಳೂ ಜೊತೆಗೆ. ಅಲ್ಲಿ ದಾರಿಯುದ್ದಕ್ಕೂ ಕನ್ನಡದ ಬೋರ್ಡ್ ಎಲ್ಲಿ ಸಿಗಬೇಕು? ಒಂದು ಕಥೆ ಪುಸ್ತಕ ಕೊಟ್ಟು ಕಳಿಸಿದ್ದೇನೆ. ಊರಲ್ಲೇ ಉಳಿಯುವ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. ಪಾಲಕರು ಸಂಜೆ ಅರ್ಧ ತಾಸಾದರೂ ಅಲ್ಲಿಗೆ ಕಳಿಸಲಿ.

ಇನ್ನೊಂದು ಮಾತು. ನಮ್ಮಂಥವರನ್ನು ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೆ. ಕಳೆದ ಸಲ ನನ್ನನ್ನು ಕರೆದಾಗ ಜುಲೈ ಅರ್ಧ ಕಳೆದಿತ್ತು. ಅಷ್ಟರಲ್ಲಿ ಮಕ್ಕಳು ಜಾಸ್ತಿ ಮರೆತಿರುತ್ತಾರೆ, ಅಲ್ವಾ? ಶಾಲೆ ಶುರುವಾಗುವ ದಿನವೇ ಕರೆಯಿರಿ. ಅವಳು ಗೋವಾದಿಂದ ಬಂದಾಗ ನಾನು ಅಲ್ಲಿರಬೇಕು.

– ಅರೆಕಾಲಿಕ ಶಿಕ್ಷಕಿ, ಗದಗ ಜಿಲ್ಲೆ