ಮೀಸೆ ಅಜ್ಜನ ಸೀಟಿನಲ್ಲಿ ಕೂತು ನೋಡಿದ ಮ್ಯಾಚ್

ಬ್ಯೂನಸ್ ಐರಿಸ್
ಏಪ್ರಿಲ್ ಕೊನೆ, ಸೋಮವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ಮೊದಲು ಅಮ್ಮನ ಹತ್ತಿರ ಒಂದು ವಿಷಯ ಒಪ್ಪಿಕೊಳ್ಳಬೇಕು. ಭಾನುವಾರ ಮ್ಯೂಸಿಯಂ ನೋಡೋಕೆ ಹೋಗ್ತೀನಿ ಅಂತ ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಅರ್ಧ ಸುಳ್ಳು. ಮ್ಯೂಸಿಯಂ ಇರುವುದು ನಿಜ. ಆದರೆ ಅದು ಇರುವುದು ಬೋಕಾ ಜೂನಿಯರ್ಸ್ ಅನ್ನೋ ಫುಟ್‌ಬಾಲ್ ಕ್ಲಬ್ಬಿನ ಸ್ಟೇಡಿಯಂನಲ್ಲಿ. ನಾನು ಮ್ಯೂಸಿಯಂ ಕಡೆ ತಲೆಯೂ ಹಾಕಲಿಲ್ಲ, ಟೂರ್ ಗೈಡ್ ಜೊತೆ ನೇರವಾಗಿ ಮ್ಯಾಚಿಗೆ ಹೋದೆ. ಮೊದಲೇ ಹೇಳಿದ್ದರೆ ನೀನು ರಾತ್ರಿಯೆಲ್ಲಾ ದೇವರ ಮುಂದೆ ದೀಪ ಹಚ್ಚಿಕೊಂಡು ಕೂರ್ತಿದ್ದೆ. ಈಗ ಹೇಳ್ತಿದ್ದೇನೆ, ಕೈಕಾಲು ಎಲ್ಲಾ ನೆಟ್ಟಗಿವೆ.

ಇದನ್ನೆಲ್ಲ ಫೋನಿನಲ್ಲಿ ಹೇಳೋಕೆ ಆಗೋದಿಲ್ಲ. ಇಲ್ಲಿ ರಾತ್ರಿ ಹನ್ನೆರಡಾದಾಗ ನಿಮಗೆ ಬೆಳಿಗ್ಗೆ ಎಂಟೂವರೆ. ಅಷ್ಟು ಹೊತ್ತಿಗೆ ಅಪ್ಪ ಕೆಳಗಿನ ತೋಟದಲ್ಲಿ ಇರ್ತಾರೆ. ಅಲ್ಲಿ ನೆಟ್‌ವರ್ಕ್ ಒಂದು ಗೀಟು ಬಂದರೆ ಪುಣ್ಯ. ಅರ್ಧ ಮಾತು 'ಹಲೋ ಹಲೋ'ದಲ್ಲೇ ಮುಗಿಯುತ್ತದೆ. ಆಫೀಸಿನವರೊಬ್ಬರು ಬುಧವಾರ ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಈ ಪತ್ರ ಕೊಡ್ತೇನೆ. ಅಪ್ಪ, ಎಂದಿನ ಹಾಗೆ ಅಡುಗೆಮನೆ ಒಲೆ ಹತ್ತಿರ ಕೂತು ಜೋರಾಗಿ ಓದಿ. ಅಜ್ಜಿಗೂ ಕೇಳಿಸಲಿ.

ಫುಟ್‌ಬಾಲ್ ನೋಡೋಕೆ ಗೈಡ್ ಬೇರೆ ಬೇಕಾ, ಅದೇನು ತಲಕಾವೇರಿ ಯಾತ್ರೆಯಾ ಅಂತ ನೀವು ಕೇಳೇ ಕೇಳ್ತೀರಿ. ಬೇಕು ಅಪ್ಪ. ಇಲ್ಲಿ ಬೋಕಾ ಮ್ಯಾಚಿಗೆ ಕೌಂಟರಿನಲ್ಲಿ ಟಿಕೆಟ್ ಸಿಗೋದಿಲ್ಲ. ಕ್ಲಬ್ಬಿನ ಮೆಂಬರುಗಳಿಗೇ ಜಾಗ ಸಾಲದು. ಮೆಂಬರ್ ಆಗೋಕೇ ವರ್ಷಗಟ್ಟಲೆ ಕಾಯುವ ಜನ ಇದ್ದಾರೆ. ಮಗು ಹುಟ್ಟಿದ ಕೂಡಲೇ ಹೆಸರು ಬರೆಸುವ ಅಪ್ಪಂದಿರೂ ಇದ್ದಾರೆ. ಹಾಗಾದರೆ ನಮ್ಮಂಥವರು ಒಳಗೆ ಹೋಗೋದು ಹೇಗೆ? ಆ ದಿನ ಬರೋಕಾಗದ ಮೆಂಬರುಗಳ ಕಾರ್ಡನ್ನು ಟೂರಿನವರು ತಂದಿಟ್ಟುಕೊಳ್ತಾರೆ. ನಮಗೆ ಒಂದು ದಿನದ ಮಟ್ಟಿಗೆ ಕೊಡ್ತಾರೆ, ಮ್ಯಾಚ್ ಮುಗಿದ ಮೇಲೆ ವಾಪಸ್ ತಗೊಳ್ತಾರೆ. ಕ್ಲಬ್ಬಿಗೆ ಇದು ಇಷ್ಟವಿಲ್ಲ. ನನಗೆ ಇದೆಲ್ಲ ಗೊತ್ತಾಗಿದ್ದು ದುಡ್ಡು ಕಟ್ಟಿದ ಮೇಲೆ. ಎಷ್ಟು ಕಟ್ಟಿದೆ ಅಂತ ಕೇಳಬೇಡಿ. ಕೇಳಿದರೂ ಇಷ್ಟೇ ಹೇಳ್ತೀನಿ: ಒಂದು ಚೀಲ ರೋಬಸ್ಟಾ ಕಾಫಿ ಚೆರಿಯ ದುಡ್ಡು. ಬೈಯೋದಿದ್ದರೆ ಪತ್ರ ಪೂರ್ತಿ ಓದಿದ ಮೇಲೆ ಬೈಯಿರಿ.

ಮಧ್ಯಾಹ್ನ ವ್ಯಾನ್ ಬಂತು. ಒಳಗೆ ನಾವು ಹನ್ನೊಂದು ಜನ, ಎಲ್ಲ ಬೇರೆ ಬೇರೆ ದೇಶದವರು. ಗೈಡ್ ಒಬ್ಬ ಚುರುಕು ಹುಡುಗ. ಹತ್ತಿದ ಕೂಡಲೇ ಹೆದರಿಸೋಕೆ ಶುರು ಮಾಡಿದ. ಫೋನ್ ಹೊರಗೆ ತೆಗೀಬೇಡಿ, ಒಬ್ಬೊಬ್ಬರೇ ಹೋಗಬೇಡಿ, ಕೆಂಪು ಹಾಕಬೇಡಿ. ಕೆಂಪು ಬಿಳಿ ಅಂದರೆ ರಿವರ್ ಪ್ಲೇಟ್ ಕ್ಲಬ್ಬಿನ ಬಣ್ಣ, ಬೋಕಾದವರಿಗೆ ಅದು ಕಣ್ಣಿಗೆ ಬೀಳಬಾರದು. ಹಿಂದೆ ಈ ಸ್ಟೇಡಿಯಂನಲ್ಲಿ ಕೋಕಾಕೋಲಾ ಬೋರ್ಡು ಕೂಡ ಕೆಂಪಿರಲಿಲ್ಲವಂತೆ, ಕಪ್ಪು ಬಿಳಿ ಇತ್ತಂತೆ. ಹೀಗಾಗಿ ಅಮ್ಮ ಹೆಣೆದು ಕೊಟ್ಟ ಕೆಂಪು ಸ್ವೆಟರ್ ವ್ಯಾನಿನಲ್ಲೇ ಉಳಿಯಿತು. ನಿಮಗೆ ಅಲ್ಲಿ ಬಿಸಿಲು, ಇಲ್ಲಿ ಚಳಿ ಶುರುವಾಗಿದೆ. ನಾನು ಸಂಜೆಯವರೆಗೆ ನಡುಗಿದೆ.

ಆ ಹುಡುಗನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಐದು ನಿಮಿಷಕ್ಕೊಮ್ಮೆ ಡೇಂಜರ್ ಡೇಂಜರ್ ಅಂತಿದ್ದ. ಅದೇ ರಸ್ತೆಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ಆರಾಮಾಗಿ ನಡೀತಿದ್ದರು. ಸುಮ್ನೆ ಹೆದರಿಸಿದರೆ ಟೂರಿಗೆ ರೇಟು ಜಾಸ್ತಿ, ಅಷ್ಟೇ.

ಆ ಏರಿಯಾದ ಹೆಸರೇ ಲಾ ಬೋಕಾ. ಹಳೆಯ ಬಂದರು. ಇಟಲಿಯ ಜೆನೋವಾದಿಂದ ಬಂದ ಕೂಲಿಯವರು, ಹಡಗಿನವರು ನೆಲೆಸಿದ ಜಾಗ. ಮನೆಗಳಿಗೆ ಗೋಡೆಯೂ ಜಿಂಕ್ ಶೀಟು, ಮಾಡೂ ಜಿಂಕ್ ಶೀಟು. ನಮ್ಮ ತೋಟದ ಹಳೇ ಲೈನ್ ಮನೆ ನೆನಪಾಯಿತು. ಆದರೆ ಬಣ್ಣ ನೋಡಬೇಕು. ಒಂದು ಗೋಡೆ ನೀಲಿ, ಪಕ್ಕದ್ದು ಹಳದಿ, ಕಿಟಕಿ ಹಸಿರು. ಹಡಗಿಗೆ ಬಳಿದು ಉಳಿದ ಪೇಂಟ್ ತಂದು ಹಚ್ಚುತ್ತಿದ್ದರಂತೆ. ಒಂದು ಡಬ್ಬ ಖಾಲಿಯಾದರೆ ಇನ್ನೊಂದು ಬಣ್ಣ. ಅಮ್ಮ ನೋಡಿದ್ದರೆ ಇದೇನು ಅರ್ಧಂಬರ್ಧ ಕೆಲಸ ಅಂತಿದ್ದಳು.

1905ರಲ್ಲಿ ಆ ವಲಸಿಗರ ಹುಡುಗರೇ ಸೇರಿ ಕ್ಲಬ್ ಕಟ್ಟಿದ್ದು. ಜೆರ್ಸಿಗೆ ಯಾವ ಬಣ್ಣ ಅಂತ ತೀರ್ಮಾನ ಆಗಲಿಲ್ಲವಂತೆ. ಬಂದರಿಗೆ ಮುಂದೆ ಯಾವ ಹಡಗು ಬರುತ್ತೋ ಅದರ ಬಾವುಟದ ಬಣ್ಣ ಅಂತ ಮಾತಾಯಿತಂತೆ. ಬಂದದ್ದು ಸ್ವೀಡನ್ ಹಡಗು. ಅಲ್ಲಿಂದ ನೀಲಿ ಹಳದಿ. ಕಥೆ ಎಷ್ಟು ನಿಜವೋ, ಆದರೆ ಇಲ್ಲಿ ಸಣ್ಣ ಮಕ್ಕಳೂ ಇದನ್ನೇ ಹೇಳ್ತಾರೆ.

ಊಟದ ವಿಷಯ. ರಸ್ತೆ ಬದಿ ಕೆಂಡದ ಮೇಲೆ ಹಂದಿ ಮಾಂಸದ ಸಾಸೇಜ್ ಸುಟ್ಟು, ಉದ್ದಕ್ಕೆ ಸೀಳಿ, ಬ್ರೆಡ್ಡಿನಲ್ಲಿಟ್ಟು ಕೊಡ್ತಾರೆ. ಚೋರಿಪಾನ್ ಅಂತಾರೆ. ಮೇಲೆ ಬೆಳ್ಳುಳ್ಳಿ, ಸೊಪ್ಪು, ವಿನೆಗರ್ ಕಲಸಿದ ಚಟ್ನಿಯಂಥದ್ದು. ಹೊಗೆ ವಾಸನೆಗೇ ಬಾಯಲ್ಲಿ ನೀರು ಬಂತು. ಚೆನ್ನಾಗಿತ್ತು, ಎರಡು ತಿಂದೆ. ಎರಡು ಹನಿ ನಮ್ಮೂರ ಕಪ್ಪು ಹುಳಿ ಕಾಚಂಪುಳಿ, ಸ್ವಲ್ಪ ಕಾಳುಮೆಣಸು ಬಿದ್ದಿದ್ದರೆ ಮೂರನೆಯದೂ ಹೋಗ್ತಿತ್ತು. ಆದರೆ ಕಾಫಿ ಮಾತ್ರ ಕೇಳಬೇಡಿ. ಇಲ್ಲಿ ಬೀಜ ಹುರಿಯುವಾಗಲೇ ಸಕ್ಕರೆ ಹಾಕಿ ಹುರಿಯುವ ರೂಢಿ ಇದೆ. ಸಕ್ಕರೆ ಸೀದು ಬೀಜ ಕರ್ರಗೆ ಹೊಳೀತದೆ, ಕುಡಿದರೆ ಬರೀ ಕಹಿ. ಬೆಲ್ಲದ ಕಾಫಿ ಕುಡಿದು ಬೆಳೆದ ನಾಲಿಗೆಗೆ ಇದೊಂದು ಶಿಕ್ಷೆ.

ಸ್ಟೇಡಿಯಂ ಹೆಸರು ಬೇರೆ ಏನೋ ಇದೆ, ಎಲ್ಲರೂ ಕರೆಯೋದು ಬೊಂಬೊನೇರಾ ಅಂತ. ಚಾಕೊಲೇಟ್ ಡಬ್ಬಿ ಅಂತ ಅರ್ಥ. 1940ರಲ್ಲಿ ಶುರುವಾದದ್ದು. ಸುತ್ತ ಮನೆಗಳು, ಕಟ್ಟೋಕೆ ಜಾಗ ಕಮ್ಮಿ. ಅದಕ್ಕೆ ಮೂರು ಕಡೆ ಮೇಲಕ್ಕೆ ಮೇಲಕ್ಕೆ ಕಟ್ಟಿದ್ದಾರೆ, ನಾಲ್ಕನೇ ಕಡೆ ಗೋಡೆಯ ಹಾಗೆ ಚಪ್ಪಟೆ. 50 ಸಾವಿರಕ್ಕೂ ಜಾಸ್ತಿ ಜನ ಹಿಡಿಸ್ತಾರೆ. ಮೆಟ್ಟಿಲು ಎಷ್ಟು ಕಡಿದು ಅಂದರೆ ಮೇಲಿನಿಂದ ನೋಡಿದರೆ ಆಟಗಾರರ ನೆತ್ತಿ ಕಾಣುತ್ತದೆ.

ಗೇಟಿನ ಹತ್ತಿರ ಕಾರ್ಡ್ ಕೈಗೆ ಬಂತು. ಪ್ಲಾಸ್ಟಿಕ್ ಕಾರ್ಡು, ಮೂಲೆ ಸವೆದಿತ್ತು. ಫೋಟೋದಲ್ಲಿ ದಪ್ಪ ಮೀಸೆಯ ಒಬ್ಬ ಅಜ್ಜ. ನಾನು ಗೈಡ್ ಮುಖ ನೋಡಿದೆ. 'ಹೆಬ್ಬೆರಳು ಫೋಟೋ ಮೇಲೆ ಇಡಿ, ಮಿಷನ್‌ಗೆ ತೋರಿಸಿ, ನಿಲ್ಲದೆ ನಡೀರಿ' ಅಂದ. ಬೇರೆಯವರ ರೇಷನ್ ಕಾರ್ಡ್ ಹಿಡಿದು ಸೊಸೈಟಿ ಮುಂದೆ ನಿಂತ ಹಾಗಾಯಿತು ನನಗೆ. ಮಿಷನ್ ಹಸಿರು ದೀಪ ಹಾಕಿತು, ಒಳಗೆ ಹೋದೆ. ಕಾಲು ಮಾತ್ರ ಭಾರ.

ಅಪ್ಪ, ಈ ಸಾಲು ಮನಸ್ಸಿನಲ್ಲೇ ಓದಿಕೊಳ್ಳಿ. ಒಳಗಿನ ಕಿರಿದಾದ ಮೆಟ್ಟಿಲಲ್ಲಿ ಜನ ಒತ್ತಿದಾಗ ಸ್ವಲ್ಪ ಹೆದರಿದೆ. 1968ರಲ್ಲಿ ರಿವರ್ ಸ್ಟೇಡಿಯಂನ 12ನೇ ಗೇಟಿನ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 71 ಜನ ಸತ್ತಿದ್ದರು. ಸಿಕ್ಕಿಬಿದ್ದವರು ಬೋಕಾ ಕಡೆಯವರು. ಎಲ್ಲವನ್ನೂ ಹೇಳುವ ಗೈಡ್ ಇದನ್ನು ಹೇಳಲಿಲ್ಲ, ನಾನೇ ಓದಿದ್ದೆ. ಈಗ ಜೋರಾಗಿ ಓದಿ.

ನನ್ನ ಸೀಟಿನ ಪಕ್ಕ ಎಪ್ಪತ್ತು ದಾಟಿದ ಒಬ್ಬರು ಹೆಂಗಸು. ಕುತ್ತಿಗೆಗೆ ನೀಲಿ ಹಳದಿ ಮಫ್ಲರ್, ಮಡಿಲಲ್ಲಿ ಕಾಗದದ ಪೊಟ್ಟಣ. ನನ್ನನ್ನು ನೋಡಿದರು, ಸೀಟಿನ ನಂಬರ್ ನೋಡಿದರು, ಮತ್ತೆ ನನ್ನನ್ನು ನೋಡಿದರು. ಏನೋ ಕೇಳಿದರು. ನನಗೆ ಬರುವ ಸ್ಪ್ಯಾನಿಷ್ ತರಕಾರಿ ಅಂಗಡಿಗೆ ಸಾಕಾಗುವಷ್ಟು. ಗೈಡ್ ಹಿಂದಿನಿಂದ ಬಗ್ಗಿ ಉತ್ತರ ಕೊಟ್ಟ. ಆಮೇಲೆ ನನಗೆ ಹೇಳಿದ, ಇಲ್ಲಿ ಕೂರುವ ಅಜ್ಜನಿಗೆ ಮಂಡಿ ಆಪರೇಷನ್ ಆಗಿದೆ, ಎರಡು ತಿಂಗಳು ಬರೋಕಾಗಲ್ಲ, ಆ ಖರ್ಚಿಗೆ ಕಾರ್ಡ್ ಬಾಡಿಗೆಗೆ ಕೊಟ್ಟಿದ್ದಾನೆ. ಆಕೆ ತಲೆ ಆಡಿಸಿದರು. ಮುಖದಲ್ಲಿ ನಗು ಇರಲಿಲ್ಲ. ನನಗೆ ಕರೆಯದ ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕೂತ ಹಾಗಿತ್ತು.

ಎದುರಾಳಿಗಳ ಕಡೆಯವರು ಒಬ್ಬರೂ ಇರಲಿಲ್ಲ. ಗಲಾಟೆ, ಸಾವು ಆಗಿ 2013ರಿಂದ ಇಲ್ಲಿ ಲೀಗ್ ಮ್ಯಾಚುಗಳಿಗೆ ಹೊರಗಿನ ಕ್ಲಬ್ಬಿನ ಬೆಂಬಲಿಗರನ್ನು ಬಿಡೋದು ನಿಲ್ಲಿಸಿದರು. ಈಚೆಗೆ ಅಲ್ಲೊಂದು ಇಲ್ಲೊಂದು ಮ್ಯಾಚಿಗೆ ಬಿಡ್ತಾರಷ್ಟೆ. ಹಾಗಾಗಿ ಆ ತಂಡ ಚೆನ್ನಾಗಿ ಆಡಿದರೆ ಮೌನ, ಅಷ್ಟೇ. ಸುಂಟಿಕೊಪ್ಪದ ಗೋಲ್ಡ್ ಕಪ್‌ನಲ್ಲಿ ಕೇರಳದಿಂದ ಬಂದವರು ಒಂದು ಕಡೆ, ನಮ್ಮವರು ಇನ್ನೊಂದು ಕಡೆ ಕೂತು ಕಿರುಚೋದು, ಮೈಕಿನವನು ಇಬ್ಬರನ್ನೂ ಕಿಚಾಯಿಸೋದು ನೆನಪಾಯಿತು. ಬಯ್ಯೋಕೆ ಎದುರಿಗೆ ಒಬ್ಬರೂ ಇಲ್ಲದಿದ್ದರೆ ಫುಟ್‌ಬಾಲಿನಲ್ಲಿ ಏನೋ ಕಮ್ಮಿ, ಅಲ್ವಾ?

ಗೋಲಿನ ಹಿಂದೆ ಲಾ ದೋಸೆ ಅಂತ ಒಂದು ಗುಂಪು. ನಗಬೇಡ ಅಮ್ಮ, ತಿನ್ನೋ ದೋಸೆಯಲ್ಲ. ಹನ್ನೆರಡು ಅಂತ ಅರ್ಥ, ಹನ್ನೆರಡನೇ ಆಟಗಾರ ನಾವೇ ಅನ್ನೋ ಹೆಮ್ಮೆ. ಅವರು ದೊಡ್ಡ ಡೋಲು ಬಡಿಯೋಕೆ ಶುರು ಮಾಡಿದರೆ ನಿಲ್ಲಿಸೋದಿಲ್ಲ. ಬಾಲ್ ಎಲ್ಲಿದ್ದರೂ ಸರಿ, ಸೋತರೂ ಸರಿ. ಮದುವೆಯಲ್ಲಿ ವಾಲಗ ಶುರುವಾದರೆ ಎಲೆಯ ಮುಂದೆ ಕೂತವರ ಕಾಲೂ ಅಲ್ಲಾಡುತ್ತದಲ್ಲ, ಹಾಗೆ ನನ್ನ ಕಾಲು ತಾನಾಗಿ ಅಲ್ಲಾಡಿತು.

ಆಮೇಲೆ ಎಲ್ಲರೂ ಒಟ್ಟಿಗೆ ಕುಣಿದರು. ಆಗ ಕಾಲ ಕೆಳಗಿನ ಕಾಂಕ್ರೀಟು ಅಲುಗಿತು. ನಿಜವಾಗಿಯೂ ಅಲುಗಿತು ಅಪ್ಪ. ಬೊಂಬೊನೇರಾ ನಡುಗೋದಿಲ್ಲ, ಅದರ ಎದೆ ಬಡಿಯುತ್ತೆ ಅಂತ ಇಲ್ಲಿ ಒಂದು ಮಾತಿದೆ. ವ್ಯಾನಿನಲ್ಲಿ ಕೇಳಿದಾಗ ಚೆಂದ ಅನಿಸಿತ್ತು. ಆ ಕ್ಷಣಕ್ಕೆ ಮಾತ್ರ ನನಗೆ 2018ರ ಆಗಸ್ಟ್ ನೆನಪಿಗೆ ಬಂತು. ಗುಡ್ಡ ಜಾರಿದ ರಾತ್ರಿ ನಾವೆಲ್ಲ ಜಗಲಿಯಲ್ಲಿ ನಿಂತಿದ್ದೆವಲ್ಲ, ಕಂಬ ಹಿಡ್ಕೊಂಡು, ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಜೀಪಿಗೆ ಹಾಕಿದ್ದು. ನಾನು ಮುಂದಿನ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದೆ.

ಕೈ ಮೇಲೆ ಇನ್ನೊಂದು ಕೈ ಬಿತ್ತು. ಪಕ್ಕದ ಹೆಂಗಸಿನದು. ಒರಟು ಕೈ, ಬೆಚ್ಚಗಿತ್ತು. ಏನೂ ಕೇಳಲಿಲ್ಲ. ಕುಣಿತ ನಿಂತ ಮೇಲೆ ಪೊಟ್ಟಣ ಬಿಚ್ಚಿದರು. ಹುರಿದ ಕಡ್ಲೆಕಾಯಿ. ಒಂದು ಹಿಡಿ ತಾವು ತಗೊಂಡು ಒಂದು ಹಿಡಿ ನನ್ನ ಕೈಗೆ ಹಾಕಿದರು. ಬೇಡ ಅಂದೆ. ಅವರು ನನ್ನ ಸೀಟು ತೋರಿಸಿ ಏನೋ ಅಂದರು. ಗೈಡ್ ನಕ್ಕು ಹೇಳಿದ: 'ಇದು ನಿಮಗಲ್ಲವಂತೆ, ಈ ಸೀಟಿಗಂತೆ. ಯಾವಾಗಲೂ ಅರ್ಧ ಈ ಸೀಟಿಗೇ ಕೊಡೋದಂತೆ.' ಸಿಪ್ಪೆ ಬಿಡಿಸಿ ತಿಂದೆ. ಸಿಪ್ಪೆಯನ್ನು ಎಲ್ಲಿ ಹಾಕೋದು ಅಂತ ನೋಡಿದರೆ ಅವರು ಕಾಲ ಕೆಳಗೆ ಹಾಕಿ ತುಳಿದರು. ನಾನೂ ಹಾಗೇ ಮಾಡಿದೆ.

ಆಟದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಪಾಸು ಸರಿಯಿಲ್ಲ, ಫೌಲೇ ಫೌಲು. ಸೆಕೆಂಡ್ ಹಾಫ್ ಶುರುವಿಗೆ ಕಾರ್ನರಿನಿಂದ ಬಂದ ಬಾಲಿಗೆ ಬೋಕಾದವನು ತಲೆ ಕೊಟ್ಟ, ಗೋಲು. ಆಕೆ ನನ್ನನ್ನು ತಬ್ಬಿಕೊಂಡ ಹೊಡೆತಕ್ಕೆ ಕನ್ನಡಕ ಓರೆಯಾಯಿತು. ನಾನೂ ಕಿರುಚಿದೆ, ಕನ್ನಡದಲ್ಲಿ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಗೈಡ್ ಎಲ್ಲರ ಬೆನ್ನು ತಟ್ಟಿದ. ಈಗಲೇ ಹೊರಡೋಣ, ಆಮೇಲೆ ಟ್ರಾಫಿಕ್ ಅಂತ. ಒಂದು ಚೀಲ ಚೆರಿ ದುಡ್ಡು ತಗೊಂಡು ಮ್ಯಾಚ್ ಪೂರ್ತಿ ತೋರಿಸೋದಿಲ್ಲ ಅಂದರೆ? ಬೇರೆಯವರೆಲ್ಲ ಎದ್ದರು. ನಾನು ಏಳಲಿಲ್ಲ. ನನಗೆ ನಿಮ್ಮ 1990ರ ಕಥೆ ನೆನಪಾಗಿತ್ತು. ಜುಲೈ ಮಳೆ, ಮಧ್ಯರಾತ್ರಿ, ಊರಿಗೆಲ್ಲಾ ಒಂದೇ ಟಿವಿ, ವರ್ಲ್ಡ್ ಕಪ್‌ನ ಅರ್ಜೆಂಟೀನಾ ಪಶ್ಚಿಮ ಜರ್ಮನಿ ಫೈನಲ್. ಇನ್ನೇನು ಮುಗೀತು ಅನ್ನುವಾಗ ಕರೆಂಟ್ ಹೋಯಿತು. 85ನೇ ನಿಮಿಷದ ಆ ಪೆನಾಲ್ಟಿಯನ್ನಾಗಲೀ, ಮರಡೋನಾ ಅತ್ತದ್ದನ್ನಾಗಲೀ ನೀವು ನೋಡಲೇ ಇಲ್ಲ. ಮಾರನೇ ದಿನ ಮಡಿಕೇರಿಯಿಂದ ಬಂದ ಬಸ್ ಕಂಡಕ್ಟರ್ ಹೇಳಿದ್ದು. ಇವತ್ತಿಗೂ ಕರೆಂಟ್ ಹೋದರೆ ನೀವು ಆ ಫೈನಲನ್ನೇ ಬಯ್ಯೋದು.

ಹಾಗಾಗಿ ಕೂತೆ. ಗೈಡ್ ಗೊಣಗಿಕೊಂಡು ಬಾಗಿಲ ಹತ್ತಿರ ನಿಂತ. ಆ ಹತ್ತು ನಿಮಿಷದಲ್ಲಿ ಏನೂ ಆಗಲಿಲ್ಲ ಅಪ್ಪ. ಒಂದು ಶಾಟ್ ಕೂಡ ಇಲ್ಲ. ಇಬ್ಬರೂ ಸುಮ್ನೆ ಬಾಲ್ ಹೊರಗೆ ಹೊಡೀತಾ ಟೈಮ್ ಕಳೆದರು. ಪೂರ್ತಿ ನೋಡಿಯೇ ಎದ್ದೆ.

ಹೊರಡುವಾಗ ಕಾರ್ಡ್ ವಾಪಸ್ ಕೊಡಬೇಕಲ್ಲ. ಗೈಡ್ ಕೈಗೆ ಕೊಡುವ ಮೊದಲು ಆಕೆ ಇಸ್ಕೊಂಡರು. ಮೀಸೆ ಅಜ್ಜನ ಫೋಟೋವನ್ನು ಮಫ್ಲರ್ ತುದಿಯಿಂದ ಒರೆಸಿದರು. ನನ್ನ ಬೆರಳಿನ ಗುರುತು, ಕಡ್ಲೆಕಾಯಿ ಎಣ್ಣೆ ಎಲ್ಲಾ ಅಂಟಿತ್ತು. ಒರೆಸಿ ಕೊಟ್ಟು ಮೆಟ್ಟಿಲು ಇಳಿದು ಹೋದರು.

ಅಪ್ಪ, ಗೋಲ್ಡ್ ಕಪ್ ಈ ಸಲ ಯಾವಾಗ? ಹೋದರೆ ಯಾವಾಗಲೂ ಕೂರುವ ಜಾಗದಲ್ಲೇ ಕೂರಿ. ನನ್ನ ಜಾಗದಲ್ಲಿ ಯಾರು ಕೂತಿದ್ದರು ಅಂತ ಬರೀರಿ. ಯಾರೇ ಆದರೂ ಚುರುಮುರಿ ಅರ್ಧ ಕೊಡಿ.

ನಿಮ್ಮ,
ಪುಟ್ಟಿ

ಅಮ್ಮ, ಈ ಪತ್ರ ತರುವವರು ಜೂನ್ ಮೊದಲ ವಾರ ವಾಪಸ್ ಬರ್ತಾರೆ. ಒಂದು ಕೆಜಿ ಕಾಫಿ ಪುಡಿ, ಚಿಕೋರಿ ಹಾಕದ್ದು. ಕಾಚಂಪುಳಿ ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತು, ಹೋದ ಸಲ ನನ್ನ ಬಟ್ಟೆಯೆಲ್ಲಾ ಕಪ್ಪಾಗಿತ್ತು. ಕಾಫಿ ಹೂವಾದ ಮೇಲಿನ ಬ್ಯಾಕಿಂಗ್ ಮಳೆ ಸರಿಯಾಗಿ ಬಂತಾ ಅಂತ ಅಪ್ಪನಿಗೆ ಕೇಳಿ ಹೇಳು.